ಟೊರಾಂಟೊ: ಹಾಡುಗಳು ಬಿಡಿಸಿದ ನಕ್ಷೆ

ಟೊರಾಂಟೊಗೆ ಹೊರಟು ನಿಂತ ಕನ್ನಡಿಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಕೆಲಸದ್ದಲ್ಲ, ಚಳಿಯದ್ದೂ ಅಲ್ಲ; ‘ಯಾವ ಏರಿಯಾ ಒಳ್ಳೆಯದು?’ ಎಂಬುದು. ಅದರ ಬೆನ್ನಲ್ಲೇ ವಾಟ್ಸ್‌ಆ್ಯಪ್ ಗುಂಪುಗಳಿಂದ ಆಯ್ದುಕೊಂಡ ಪಟ್ಟಿಯೊಂದು ಬರುತ್ತದೆ: ಜೇನ್–ಫಿಂಚ್ ಬೇಡವಂತೆ, ರೆಕ್ಸ್‌ಡೇಲ್ ಬೇಡವಂತೆ, ರೀಜೆಂಟ್ ಪಾರ್ಕ್ ಕಡೆ ಸುಳಿಯಲೇಬಾರದಂತೆ. ಮನೆ ಹುಡುಕುವವರ ಆತಂಕ ಸಹಜವೇ. ಆದರೆ ಆ ‘ಅಂತೆ’ಗಳ ನಕ್ಷೆಯನ್ನು ಬರೆದವರಲ್ಲಿ ಹೆಚ್ಚಿನವರು ಅಲ್ಲಿ ಬಾಳಿದವರಲ್ಲ. ಅಲ್ಲಿ ಬಾಳಿದವರು ತಮ್ಮ ನಕ್ಷೆಯನ್ನು ಹಿಪ್ ಹಾಪ್ ಹಾಡುಗಳಲ್ಲಿ ಬರೆದಿಟ್ಟಿದ್ದಾರೆ. ಈ ನಗರಕ್ಕೆ ಬರುವವರು ಅದನ್ನೂ ಓದಬೇಕೆಂಬುದು ನನ್ನ ವಾದ.

ಹಿಪ್ ಹಾಪ್ ಹುಟ್ಟಿದ್ದೇ ನೆರೆಹೊರೆಯ ಕಲೆಯಾಗಿ. 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಜಮೈಕಾದಿಂದ ಬಂದ ವಲಸಿಗ ಯುವಕ ಕೂಲ್ ಹರ್ಕ್ ತನ್ನ ವಸತಿ ಕಟ್ಟಡದಲ್ಲಿ ನಡೆಸಿದ ಕೂಟವನ್ನು ಅದರ ಆರಂಭವೆಂದು ಗುರುತಿಸುತ್ತಾರೆ. ತನ್ನ ಬೀದಿಯ ಹೆಸರು ಹೇಳಿಯೇ ಹಾಡು ಮುಂದುವರಿಸುವುದು ರ‍್ಯಾಪರ್‌ಗಳ ರೂಢಿ. ನಮಗಿದು ತೀರಾ ಅಪರಿಚಿತವೇನಲ್ಲ. ಉತ್ತರ ಕರ್ನಾಟಕದಲ್ಲಿ ಹರದೇಶಿ–ನಾಗೇಶಿ ಮೇಳಗಳು ಸವಾಲು–ಜವಾಬು ನಡೆಸುವುದನ್ನು, ಲಾವಣಿಕಾರರು ಪದದ ಕೊನೆಗೆ ತಮ್ಮ ಊರನ್ನೂ ಗುರುವನ್ನೂ ನೆನೆಯುವುದನ್ನು ಕೇಳಿದವರಿಗೆ ರ‍್ಯಾಪ್‌ನ ಮನೋಧರ್ಮ ಬೇಗನೆ ಅರ್ಥವಾಗುತ್ತದೆ.

ಟೊರಾಂಟೊವನ್ನು ‘ಸಿಕ್ಸ್’ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಪರಿಚಯಿಸಿದವನು ಡ್ರೇಕ್. ಆ ಹೆಸರನ್ನು 416 ಎಂಬ ದೂರವಾಣಿ ಸಂಕೇತಕ್ಕೂ, 1998ರಲ್ಲಿ ಆರು ಪೌರಾಡಳಿತಗಳು ಸೇರಿ ಒಂದೇ ನಗರವಾದದ್ದಕ್ಕೂ ಜನ ಜೋಡಿಸುತ್ತಾರೆ. ಅದಕ್ಕೂ ಮೊದಲು ‘ಟಿ-ಡಾಟ್’ ಎಂಬ ಹೆಸರನ್ನು ಮೆರೆಸಿದವನು ಜಮೈಕಾ ಮೂಲದ ದಂಪತಿಯ ಮಗ ಕಾರ್ಡಿನಲ್ ಆಫಿಶಲ್. 2000ದ ಸುಮಾರಿಗೆ ಬಂದ ಅವನ ‘ಬಕಾರ್ಡಿ ಸ್ಲ್ಯಾಂಗ್’ ಹಾಡು ಒಂದು ನಿಘಂಟಿನಂತಿದೆ. ಬೇರೆಯವರು ಹಾಗೆನ್ನುವುದನ್ನು ನಾವು ಹೀಗೆನ್ನುತ್ತೇವೆ ಎಂದು ಕೆರಿಬಿಯನ್ ಮೂಲದ ನುಡಿಗಳನ್ನು ಪೋಣಿಸುತ್ತ ಹೋಗುತ್ತದೆ. ಈ ನಗರದ ಇಂಗ್ಲಿಷನ್ನು ಯಾರು ಕಟ್ಟಿದರೆಂಬುದಕ್ಕೆ ಅದೊಂದು ದಾಖಲೆ.

‘ಬೇಡ’ದ ಪಟ್ಟಿಯಲ್ಲಿರುವ ರೆಕ್ಸ್‌ಡೇಲನ್ನೇ ನೋಡಿ. 1991ರಲ್ಲಿ ಅಂತರ್ಯುದ್ಧದ ಸೊಮಾಲಿಯಾದಿಂದ ಪಾರಾಗಿ ಬಂದ ಕುಟುಂಬದ ಹುಡುಗ ಕೆ’ನಾನ್ ಬೆಳೆದದ್ದು ಅಲ್ಲಿ. 2010ರ ಫುಟ್‌ಬಾಲ್ ವಿಶ್ವಕಪ್‌ನ ವೇಳೆ ಜಗತ್ತೆಲ್ಲ ಗುನುಗಿದ ‘ವೇವಿನ್ ಫ್ಲ್ಯಾಗ್’ ಮೂಲದಲ್ಲಿ ನೆಲೆ ತಪ್ಪಿದವರ ಹಾಡು. ಅದೇ ರೆಕ್ಸ್‌ಡೇಲ್‌ನಲ್ಲಿ ಪಂಜಾಬಿ ಮನೆತನದ ನ್ಯಾವ್ ಕೂಡ ಬೆಳೆದ. ನಗರದ ನಡುವಿನ ರೀಜೆಂಟ್ ಪಾರ್ಕ್ 1940ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿದ ಸರ್ಕಾರಿ ವಸತಿ ಬಡಾವಣೆ. 2005ರಿಂದ ಹಳೆಯ ಕಟ್ಟಡಗಳನ್ನು ಹಂತಹಂತವಾಗಿ ಕೆಡವಿ ಹೊಸದನ್ನು ಎಬ್ಬಿಸಲಾಗುತ್ತಿದೆ. ಸುಡಾನ್ ಮೂಲದ ಕವಿ–ಗಾಯಕ ಮುಸ್ತಫಾ ಅಲ್ಲಿ ಗುಂಡಿಗೆ ಬಲಿಯಾದ ಗೆಳೆಯರನ್ನು ತನ್ನ 2021ರ ಆಲ್ಬಂನಲ್ಲಿ ನೆನೆದಿದ್ದಾನೆ. ಸುದ್ದಿಯಲ್ಲಿ ‘ಘಟನೆ’ಯಾಗಿ ಮುಗಿದುಹೋದವರು ಅವನ ಹಾಡಿನಲ್ಲಿ ಯಾರದೋ ಮಗನಾಗಿ, ಗೆಳೆಯನಾಗಿ ಉಳಿದಿದ್ದಾರೆ. ಪಕ್ಕದ ಬ್ರ್ಯಾಂಪ್ಟನ್‌ಗೆ ವಿದ್ಯಾರ್ಥಿಯಾಗಿ ಬಂದ ಸಿಧು ಮೂಸೆವಾಲಾ, ತನ್ನ ಪಂಜಾಬಿ ಹಾಡುಗಳಿಂದ ಆ ಊರಿನ ಹೆಸರನ್ನು ಪಂಜಾಬಿನ ಹಳ್ಳಿಗಳವರೆಗೂ ಕೊಂಡೊಯ್ದ.

ಹಾಡುಗಳೆಲ್ಲ ಸತ್ಯವೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಬಡಾಯಿಯಿದೆ, ಬಂದೂಕಿನ ವೈಭವೀಕರಣವಿದೆ. ಹೆಣ್ಣುಮಕ್ಕಳ ದನಿ ಕಡಿಮೆ. ಜಮೈಕಾದಲ್ಲಿ ಹುಟ್ಟಿದ ಮಿಶಿ ಮೀಯಂಥವರು 1980ರ ದಶಕದಲ್ಲೇ ಇಲ್ಲಿ ದಾರಿ ತೆರೆದಿದ್ದರೂ ಮೆರೆದದ್ದು ಗಂಡುದನಿಯೇ. ರಾತ್ರಿಪಾಳಿ ಮುಗಿಸಿ ಬಸ್ಸಿಗೆ ಕಾಯುವ ತಾಯಂದಿರ ಕಥೆ ಅಲ್ಲೂ ಅರ್ಧವಷ್ಟೇ ಬಂದಿದೆ. ಮನೆ ಹಿಡಿಯುವವರು ಬಾಡಿಗೆ, ಶಾಲೆ, ಬಸ್ಸು–ರೈಲುಗಳ ಸೌಕರ್ಯವನ್ನು ವಿಚಾರಿಸಲೇಬೇಕು. ಹಾಡು ಅದಕ್ಕೆ ಬದಲಿಯಲ್ಲ. ಆದರೆ ಒಂದು ಬಡಾವಣೆ ಅಪಾಯಕಾರಿ ಎಂಬ ಮಾತು ಅಲ್ಲಿರುವವರು ಯಾರು, ಅಲ್ಲಿಗೇಕೆ ಬಂದರು ಎಂಬುದನ್ನು ಹೇಳುವುದಿಲ್ಲ. ಹಾಡು ಹೇಳುತ್ತದೆ.

ಇದು ಕೇವಲ ರುಚಿಯ ಪ್ರಶ್ನೆಯಲ್ಲ. ನಮ್ಮ ಮಕ್ಕಳು ಶಾಲೆಯಿಂದ ‘ವಾಗ್ವಾನ್’, ‘ವಲ್ಲಾಹಿ’ ಎನ್ನುತ್ತ ಮನೆಗೆ ಬರುತ್ತಾರೆ. ಮೊದಲನೆಯದು ಜಮೈಕಾದ ಕುಶಲಪ್ರಶ್ನೆ. ಎರಡನೆಯದು ಅರಬ್ಬಿಯಿಂದ ಬಂದು ಸೊಮಾಲಿ ಹುಡುಗರ ಬಾಯಲ್ಲೂ ಆಡುವ ಆಣೆಯ ಮಾತು. ಅನೇಕ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ: ‘ಅಂಥವರ ಭಾಷೆ ನಮ್ಮ ಮನೆಯಲ್ಲಿ ಬೇಡ.’ ಆ ‘ಅಂಥವರು’ ಎಂಬ ಒಂದು ಪದದಲ್ಲಿ, ನಾವು ಊರಿನಿಂದ ಹೊತ್ತು ತಂದ ಮೇಲುಕೀಳಿನ ಗಂಟೂ ಇಲ್ಲಿನ ವಾಟ್ಸ್‌ಆ್ಯಪ್ ನಕ್ಷೆಯೂ ಒಟ್ಟಿಗೆ ಮಕ್ಕಳ ಕೈಸೇರುತ್ತವೆ. ಕಂದು ಬಣ್ಣದ ನಮ್ಮನ್ನೂ, ನಾವು ಗುಂಪಾಗಿ ನೆಲೆಸಿದ ಬಡಾವಣೆಗಳನ್ನೂ ಬೇರೆ ಯಾರೋ ‘ಅಂಥವರು’ ಎನ್ನುತ್ತಿರುತ್ತಾರೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಹೊರಟು ನಿಂತವರಲ್ಲಿ, ಅವರನ್ನು ಕಳಿಸಿಕೊಡುವ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ವೀಸಾದ ಕಾಗದಪತ್ರಗಳ ನಡುವೆ ಈ ಹಾಡುಗಳಿಗೂ ಒಂದು ಸಂಜೆ ಕೊಡಿ. ಇಲ್ಲಿಗೆ ಬಂದ ಮೇಲೆ ನಮ್ಮ ಪಾಲಿನ ಕೆಲಸವೂ ಇದೆ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಬಿಟ್ಟು ಬಂದ ನಾಡನ್ನು ಮನತುಂಬಿ ಹಾಡುತ್ತೇವೆ. ಇಳಿದು ಬಂದ ನಾಡಿನ ಬಗ್ಗೆ ಕನ್ನಡದಲ್ಲಿ ಹಾಡಿದ್ದು ನನ್ನ ಕಿವಿಗೆ ಬಿದ್ದದ್ದು ಬಲು ಅಪರೂಪ. ಇಲ್ಲೇ ಹುಟ್ಟಿದ ಹುಡುಗಿಯೊಬ್ಬಳು ತನ್ನ ಬಸ್ಸಿನ ಮಾರ್ಗವನ್ನು, ಅಜ್ಜಿಯ ಫೋನಿನ ದನಿಯನ್ನು, ನೆರೆಯ ಸೊಮಾಲಿ ಗೆಳತಿಯನ್ನು ಒಂದೇ ಪದದಲ್ಲಿ ಕಟ್ಟಿ ಹಾಡಿದ ದಿನ, ಈ ನಗರದ ನಕ್ಷೆಯಲ್ಲಿ ಕನ್ನಡಕ್ಕೂ ಒಂದು ಬೀದಿ ಸಿಗುತ್ತದೆ.