‘ಸುಮ್ಮನೆ ಹೊರಟುಬಿಟ್ಟೆವು’ ಎಂಬ ಸುಳ್ಳು

ಕನ್ನಡದ ಪ್ರವಾಸ ಬರಹಗಳಲ್ಲಿ ಈಚೆಗೆ ಒಂದು ವಾಕ್ಯ ಬಹಳ ಚಲಾವಣೆಯಲ್ಲಿದೆ: ‘ಏನೂ ಪ್ಲಾನ್ ಮಾಡಿರಲಿಲ್ಲ, ಸುಮ್ಮನೆ ಹೊರಟುಬಿಟ್ಟೆವು.’ ಊರು ಯಾವುದಾದರೂ ಆಗಬಹುದು. ಇಟಲಿಯ ಕಡಲತೀರವಾದರೆ ಈ ವಾಕ್ಯಕ್ಕೆ ಇನ್ನೂ ಕಳೆ ಜಾಸ್ತಿ. ಅದರ ಹಿಂದೆಯೇ ಬಣ್ಣಬಣ್ಣದ ಮನೆಗಳು, ನಿಂಬೆಹಣ್ಣು, ನೀಲಿ ನೀರು, ಒಂದು ಲೋಟ ವೈನು ಸಾಲಾಗಿ ಬರುತ್ತವೆ. ಕೊನೆಯಲ್ಲಿ, ಬದುಕೂ ಹೀಗೆಯೇ ಲೆಕ್ಕಾಚಾರವಿಲ್ಲದೆ ಹರಿಯಬೇಕು ಎಂಬ ತತ್ವ.

ವೈನಿನ ಮೇಲೆ ನನಗೆ ತಕರಾರಿಲ್ಲ. ನಾನು ಸಂಶೋಧನೆ ಮಾಡುವುದು ಪೀಸಾದಲ್ಲಿ. ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಲಾ ಸ್ಪೆತ್ಸಿಯಾ, ಅಲ್ಲಿಂದ ಮುಂದೆ ನೀವು ಫೋಟೋಗಳಲ್ಲಿ ನೋಡಿರುವ ಅದೇ ತೀರ. ನಾನೂ ಗೆಳೆಯರೊಡನೆ ಅಲ್ಲಿಗೆ ಹೋಗಿದ್ದೇನೆ, ಅದೂ ಶುಕ್ರವಾರ ಮಧ್ಯಾಹ್ನ ಕಾಫಿ ಕುಡಿಯುತ್ತಾ ನಿರ್ಧರಿಸಿ ಅದೇ ಸಂಜೆ. ಖುಷಿಪಟ್ಟಿದ್ದೇನೆ. ನನ್ನ ಜಗಳ ಆ ‘ಸುಮ್ಮನೆ’ ಎಂಬ ಪದದ ಜೊತೆ. ಹಠಾತ್ತನೆ ಹೊರಡುವುದನ್ನು ಒಂದು ಸ್ವಭಾವ, ಒಂದು ಮನೋಧರ್ಮ ಎಂಬಂತೆ ಬರೆಯುತ್ತಾರಲ್ಲ, ಅದರ ಜೊತೆ. ಅದು ಸ್ವಭಾವವಲ್ಲ, ಕಾಗದಪತ್ರ.

ಮೊದಲು ಕರ್ನಾಟಕದಿಂದ ಹೊರಡುವವರ ವಿಷಯ ನೋಡೋಣ. ಭಾರತದ ಪಾಸ್‌ಪೋರ್ಟ್ ಇರುವವರು ಇಟಲಿಗೆ ಪ್ರವಾಸಿಗರಾಗಿ ಬರಲು ಷೆಂಗೆನ್ ವೀಸಾ ಬೇಕು. ಅದಕ್ಕೆ ಹೋಗಿಬರುವ ಟಿಕೆಟ್‌ನ ಬುಕಿಂಗ್, ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಪುರಾವೆ, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಊರಿಗೆ ಮರಳಿ ಬಂದೇ ಬರುತ್ತೀರಿ ಎಂದು ನಂಬಿಸುವ ದಾಖಲೆಗಳನ್ನು ಕೊಡಬೇಕು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ವೀಸಾ ನಿರಾಕರಿಸಿದರೆ ಅದು ವಾಪಸ್ಸಿಲ್ಲ. ಪ್ರಯಾಣಕ್ಕೆ ಕನಿಷ್ಠ 15 ದಿನ ಮೊದಲೇ ಅರ್ಜಿ ಹಾಕಬೇಕು. ಅಂದಮೇಲೆ ಬೆಂಗಳೂರಿನಿಂದ ಬಂದು ‘ಏನೂ ಪ್ಲಾನ್ ಮಾಡಿರಲಿಲ್ಲ’ ಎಂದು ಬರೆಯುವವರು ಒಂದೋ ವೀಸಾ ಕೊಟ್ಟವರಿಗೆ ಸುಳ್ಳು ಹೇಳಿದ್ದಾರೆ, ಇಲ್ಲವೇ ನಮಗೆ. ವೀಸಾ ಕೊಟ್ಟವರಿಗೆ ಹೇಳಿದ್ದರೆ ನನ್ನ ಆಕ್ಷೇಪವಿಲ್ಲ.

ಇನ್ನು ಇಲ್ಲೇ ಓದುತ್ತಿರುವವರು. ನಾವು ಹೋದದ್ದು ನಾಲ್ವರು: ಇಟಲಿಯವನೊಬ್ಬ, ಫ್ರಾನ್ಸಿನವಳೊಬ್ಬಳು, ಧಾರವಾಡದ ಹುಡುಗ, ನಾನು. ಧಾರವಾಡದ ಹುಡುಗನ ವಾಸದ ಪರವಾನಗಿಯ ಅವಧಿ ಮುಗಿದಿತ್ತು. ನವೀಕರಣಕ್ಕೆ ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ಕೈಯಲ್ಲಿದ್ದದ್ದು ಅಂಚೆ ಕಚೇರಿ ಕೊಟ್ಟ ರಸೀದಿ ಮಾತ್ರ. ಇಲ್ಲಿ ಅದಕ್ಕೆ ‘ರಿಚೆವೂತಾ’ ಅನ್ನುತ್ತಾರೆ. ಅದನ್ನು ಹಿಡಿದು ಇಟಲಿಯೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು, ನೇರ ವಿಮಾನದಲ್ಲಿ ಊರಿಗೂ ಹೋಗಿ ಬರಬಹುದು. ಆದರೆ ಪಕ್ಕದ ಫ್ರಾನ್ಸಿಗಾಗಲಿ, ಆಸ್ಟ್ರಿಯಾಕ್ಕಾಗಲಿ ಕಾಲಿಡುವಂತಿಲ್ಲ. ಊರಿಗೆ ಹೋಗುವಾಗ ಪ್ಯಾರಿಸ್ಸಿನಲ್ಲೋ ಫ್ರಾಂಕ್‌ಫರ್ಟಿನಲ್ಲೋ ವಿಮಾನ ಬದಲಿಸುವಂತೆಯೂ ಇಲ್ಲ. ನಾವು ಕಡಲತೀರವನ್ನು ಆರಿಸಿಕೊಂಡದ್ದರ ಹಿಂದೆ ಈ ರಸೀದಿಯೂ ಇತ್ತು ಅಂತ ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರ ಚಿಂಕ್ವೆ ತೆರ್ರೆಯಲ್ಲಿ ಕಳೆದೆವು. ರಿಯೊಮಜ್ಜೊರೆ, ಮನರೋಲಾ, ಕೊರ್ನೀಲ್ಯಾ, ವೆರ್ನಾತ್ಸಾ, ಮೊಂತೆರೊಸ್ಸೊ ಎಂಬ ಐದು ಊರುಗಳು. ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಕೆಲವೇ ನಿಮಿಷ, ಅದೂ ಬಹುಪಾಲು ಸುರಂಗದೊಳಗೆ. ಪ್ರವಾಸ ಬರಹಗಳು ಇದನ್ನು ‘ಪ್ರಕೃತಿಯ ಸೊಬಗು’ ಅನ್ನುತ್ತವೆ. ಆದರೆ ಅಲ್ಲಿ ಪ್ರಕೃತಿ ತಾನಾಗಿ ಮಾಡಿದ್ದು ಕಡಿದಾದ ಬೆಟ್ಟ ಮತ್ತು ಸಮುದ್ರ, ಅಷ್ಟೇ. ಉಳಿದದ್ದೆಲ್ಲ ಮನುಷ್ಯರ ಕೈಕೆಲಸ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು ಬೆಟ್ಟದ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿವೆ, ಅವುಗಳ ಹಿಂದೆ ಒಂದಿಷ್ಟು ಮಣ್ಣು, ಮಣ್ಣಿನಲ್ಲಿ ದ್ರಾಕ್ಷಿ. ನೂರಾರು ವರ್ಷ ತಲೆಮಾರುಗಳು ಹೊತ್ತು ಜೋಡಿಸಿದ ಕಲ್ಲು ಅದು. 1997ರಲ್ಲಿ ಯುನೆಸ್ಕೊ ಈ ತೀರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಮನುಷ್ಯರು ರೂಪಿಸಿದ ನೆಲ ಎಂಬ ಕಾರಣಕ್ಕೇ. ವರ್ಷವರ್ಷವೂ ರಿಪೇರಿ ಮಾಡದಿದ್ದರೆ ಗೋಡೆ ಉಬ್ಬಿ ಬೀಳುತ್ತದೆ, ಮಣ್ಣು ಜಾರುತ್ತದೆ. ಆ ಕೆಲಸ ಮಾಡುವ ಕೈಗಳು ಕಡಿಮೆಯಾಗಿ ಎಷ್ಟೋ ಮೆಟ್ಟಿಲುಗಳು ಪಾಳುಬಿದ್ದಿವೆ. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳ ಬೀದಿಗಳೇ ಕೆಸರಿನಲ್ಲಿ ಹೂತುಹೋದವು, ಜನ ಸತ್ತರು. ಯೋಜನೆಯಿಲ್ಲದ ಬದುಕಿನ ಪಾಠ ಕಲಿಯಲು ಬರುವವರು ನಿಂತು ಫೋಟೋ ತೆಗೆಯುವುದು ಇಂಥ ಗೋಡೆಗಳ ಮುಂದೆ.

ರಿಯೊಮಜ್ಜೊರೆಯಿಂದ ಮನರೋಲಾಕ್ಕೆ ಬಂಡೆಯ ಅಂಚಿನಲ್ಲಿ ಕೊರೆದ ಕಾಲುದಾರಿಗೆ ‘ಪ್ರೇಮದ ಹಾದಿ’ ಎಂದು ಹೆಸರು. 2012ರಲ್ಲಿ ಕಲ್ಲು ಬಿದ್ದು ಪ್ರವಾಸಿಗರಿಗೆ ಗಾಯವಾದ ಮೇಲೆ ಮುಚ್ಚಿದ್ದನ್ನು ಮತ್ತೆ ತೆರೆದದ್ದು 2024ರಲ್ಲಿ. ಈಗ ಅಲ್ಲಿ ನಡೆಯಲು ಮೊದಲೇ ಹೊತ್ತು ಗೊತ್ತುಮಾಡಿ ಟಿಕೆಟ್ ಕಾದಿರಿಸಬೇಕು. ಪ್ರೇಮಕ್ಕೂ ಟೈಮ್ ಸ್ಲಾಟ್! ನಾವು ಕಾದಿರಿಸಿರಲಿಲ್ಲ, ಹೋಗಲಿಲ್ಲ.

ರಾತ್ರಿ ಜೆನೊವಾದಲ್ಲಿ ಉಳಿದೆವು. ಇಟಲಿಯಲ್ಲಿ ತಂಗುವ ಪ್ರತಿಯೊಬ್ಬರ ವಿವರವನ್ನೂ ವಸತಿಗೃಹದವರು ಪೊಲೀಸರಿಗೆ ಕಳಿಸಬೇಕೆಂಬ ಕಾನೂನಿದೆ. ಇಬ್ಬರು ಗುರುತಿನ ಚೀಟಿ ತೋರಿಸಿ ಮೇಲೆ ಹೋದರು. ನಾನು ಪಾಸ್‌ಪೋರ್ಟ್ ಮತ್ತು ಕಾರ್ಡ್ ಕೊಟ್ಟೆ. ಧಾರವಾಡದವನು ಪಾಸ್‌ಪೋರ್ಟ್, ಹಳೆಯ ಕಾರ್ಡ್, ರಸೀದಿ ಮೂರನ್ನೂ ಕೌಂಟರಿನ ಮೇಲೆ ಹರಡಿ, ಯಾವುದು ಯಾಕೆ ಎಂದು ತನ್ನ ಹರಕು ಇಟಾಲಿಯನ್ನಿನಲ್ಲಿ ವಿವರಿಸಿದ.

ಭಾನುವಾರ ಬೆಳಿಗ್ಗೆ ಪಶ್ಚಿಮಕ್ಕೆ ಹೋಗುವ ರೈಲು ಹತ್ತಿದೆವು. ಫ್ರೆಂಚ್ ಗೆಳತಿಗೆ ಒಂದು ಐಡಿಯಾ ಹೊಳೆಯಿತು: ನೀಸ್‌ನಲ್ಲಿ ಊಟ ಮಾಡಿ ಬರೋಣ! ರೈಲಿನ ಕೊನೆಯ ನಿಲ್ದಾಣ ವೆಂತಿಮೀಲ್ಯಾ. ಅಲ್ಲಿಂದ ನೀಸ್‌ಗೆ ಇನ್ನೊಂದು ರೈಲು, ಒಂದು ಗಂಟೆಯೂ ಬೇಡ. ಪ್ರವಾಸ ಬರಹಗಳು ಕೊಂಡಾಡುವ ಕ್ಷಣವೆಂದರೆ ಇದೇ. ಧಾರವಾಡದ ಹುಡುಗ ಫೋನಿನಿಂದ ತಲೆ ಎತ್ತದೆ, “ನೀವು ಹೋಗಿ ಬರ್ರಿ ಅಕ್ಕಾ, ನಾ ಇಲ್ಲೇ ಸಮುದ್ರ ನೋಡ್ಕೋತ ಕೂಡ್ತೀನಿ” ಅಂದ. ಫ್ರೆಂಚ್ ಗೆಳತಿಗೆ ಯಾಕೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕೆಟ್ಟವಳಲ್ಲ, ಅಲ್ಲೊಂದು ಗಡಿ ಇದೆ ಎಂದು ಯೋಚಿಸಬೇಕಾದ ಪ್ರಸಂಗವೇ ಅವಳಿಗೆ ಬಂದಿರಲಿಲ್ಲ. ಅವನೇ ಒತ್ತಾಯ ಮಾಡಿ ಅವರಿಬ್ಬರನ್ನು ಕಳಿಸಿದ. ನಾನು ಅವನ ಜೊತೆ ಉಳಿದೆ. ಸಂಜೆ ಹಿಂತಿರುಗಿದವರು ಹೇಳಿದ್ದು: ನಮ್ಮನ್ನು ಯಾರೂ ಏನೂ ಕೇಳಲೇ ಇಲ್ಲ.

ವೆಂತಿಮೀಲ್ಯಾ ಸಾಮಾನ್ಯ ಊರಲ್ಲ. 2015ರ ಬೇಸಿಗೆಯಲ್ಲಿ ಫ್ರಾನ್ಸಿಗೆ ದಾಟಲು ಬಂದು ತಡೆಯಲ್ಪಟ್ಟ ವಲಸಿಗರು ಗಡಿಯ ಪಕ್ಕದ ಕಡಲ ಬಂಡೆಗಳ ಮೇಲೆ ವಾರಗಟ್ಟಲೆ ಬೀಡುಬಿಟ್ಟಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ಜಾರಿಗೆ ಬಂದ ಫ್ರಾನ್ಸಿನ ಗಡಿ ತಪಾಸಣೆಯನ್ನು ಆಮೇಲೆ ವಿಸ್ತರಿಸುತ್ತಲೇ ಬಂದಿದ್ದಾರೆ. ಬೆಟ್ಟದ ಮೇಲೆ ಗ್ರಿಮಾಲ್ದಿಯಿಂದ ಮೆಂತೋನ್ ಕಡೆಗೆ ಇಳಿಯುವ ಒಂದು ಹಾದಿಗೆ ‘ಸಾವಿನ ಹಾದಿ’ ಎಂದೇ ಹೆಸರು. ಫ್ಯಾಸಿಸ್ಟರ ಕಾಲದಲ್ಲಿ ಯಹೂದಿಗಳು ತಪ್ಪಿಸಿಕೊಂಡು ಹೋದ ದಾರಿಯಲ್ಲಿ ಈ ಕಾಲದಲ್ಲಿ ಆಫ್ರಿಕಾದವರು, ಅಫ್ಘಾನಿಸ್ತಾನದವರು ನಡೆದಿದ್ದಾರೆ. ಪ್ರೇಮದ ಹಾದಿ, ಸಾವಿನ ಹಾದಿ ಎರಡೂ ಒಂದೇ ಲಿಗೂರಿಯಾ ತೀರದಲ್ಲಿವೆ. ನಮ್ಮ ಬರಹಗಳಿಗೆ ಮೊದಲನೆಯದು ಮಾತ್ರ ಗೊತ್ತು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಶೆಲ್ಲಿಯನ್ನು ಎಳೆದು ತರುತ್ತಾರೆ. ಲಾ ಸ್ಪೆತ್ಸಿಯಾದ ಕೊಲ್ಲಿಗೆ ‘ಕವಿಗಳ ಕೊಲ್ಲಿ’ ಎಂದೇ ಹೆಸರಿದೆ. 1822ರ ಜುಲೈ 8ರಂದು ಲಿವೊರ್ನೊದಿಂದ ಲೆರಿಚಿಯ ಕಡೆಗೆ ಹಾಯಿದೋಣಿಯಲ್ಲಿ ಹೊರಟ ಶೆಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ. ನಮಗೆ ಕ್ಲಾಸಿನಲ್ಲಿ ಹೇಳಿದ್ದು ಅವನ ಅಲೆಮಾರಿ ಚೇತನದ ಬಗ್ಗೆ. ಅಜ್ಜ ತೀರಿಕೊಂಡ ಮೇಲೆ, 1815ರಿಂದ, ಅವನಿಗೆ ವರ್ಷಕ್ಕೆ 1,000 ಪೌಂಡ್ ಬರುತ್ತಿತ್ತು ಎಂಬುದನ್ನು ಯಾರೂ ಹೇಳಲಿಲ್ಲ. ಅದರಿಂದ ಅವನ ಕವಿತೆ ಸಣ್ಣದಾಗುವುದಿಲ್ಲ. ಆದರೆ ಅಲೆಮಾರಿತನದ ಖರ್ಚು ಎಲ್ಲಿಂದ ಬಂತು ಅಂತ ಗೊತ್ತಿರಬೇಕಲ್ಲ?

ಇದಕ್ಕೆ ಒಂದು ಉತ್ತರ ಬರುತ್ತದೆ, ಅದು ಹಗುರವಾದದ್ದಲ್ಲ. ಸಂಜೆಯೊಳಗೆ ಗೇಟು ಹಾಕುವ ಹಾಸ್ಟೆಲ್ಲಿನಲ್ಲಿ ಬೆಳೆದ ಹುಡುಗಿಯರಿಗೆ ‘ಸುಮ್ಮನೆ ಹೊರಟೆ’ ಅನ್ನುವುದೇ ದೊಡ್ಡ ಮಾತು. ಅದನ್ನೂ ಕಿತ್ತುಕೊಳ್ಳಬೇಡಿ ಎನ್ನುತ್ತಾರೆ. ನಾನೂ ಅಂಥ ಹಾಸ್ಟೆಲ್ಲಿನಲ್ಲಿದ್ದವಳು. ಅಜ್ಜಿಯ ಊರಿಗೆ ಹೋಗಲೂ ಅಪ್ಪನ ಸಹಿ ಬೇಕಿತ್ತು. ಶುಕ್ರವಾರ ಸಂಜೆ ಯಾರನ್ನೂ ಕೇಳದೆ ರೈಲು ಹತ್ತಿದಾಗ ಎದೆ ಹಗುರಾದದ್ದು ನಿಜ. ಆದರೆ ಆ ಹುಡುಗಿ ‘ಸುಮ್ಮನೆ’ ಹೊರಡುವುದಿಲ್ಲ. ಮನೆಯಲ್ಲಿ ಜಗಳವಾಡಿ, ಸ್ಕಾಲರ್‌ಶಿಪ್ಪಿನಲ್ಲಿ ಉಳಿಸಿ, ಮದುವೆಯ ಮಾತನ್ನು ಇನ್ನೊಂದು ವರ್ಷ ಮುಂದೂಡಿ ಹೊರಡುತ್ತಾಳೆ. ‘ಸುಮ್ಮನೆ’ ಎಂದು ಬರೆದ ಕೂಡಲೇ ಅವಳು ಗೆದ್ದದ್ದೆಲ್ಲ ಅಳಿಸಿಹೋಗುತ್ತದೆ, ಶೆಲ್ಲಿಗೂ ಅವಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನಾನು ಆಕ್ಷೇಪಿಸುವುದು ಅವಳ ಪರವಾಗಿಯೇ.

ಧಾರವಾಡದ ಹುಡುಗನಿಗೆ ನೀನೇ ಒಂದು ಪ್ರವಾಸ ಕಥನ ಬರೆ ಎಂದು ಹೇಳುತ್ತಲೇ ಇದ್ದೇನೆ. “ಅದರಾಗ ಏನೈತಿ ಅಕ್ಕಾ, ಬರೇ ಕಾಗದದ ಕತಿ” ಅನ್ನುತ್ತಾನೆ. ಅವನ ಕಾರ್ಡು ಇನ್ನೂ ಬಂದಿಲ್ಲ.