ಶಕ್ತಿಯ ಪಾಠವನ್ನು ಎಲ್ಲಿಂದ ತೊಡಗಬೇಕು?

ಶಕ್ತಿ ಎಂದರೇನೆಂದು ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ “ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ” ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಹಾಗಾದರೆ ಸಾಮರ್ಥ್ಯವೆಂದರೇನು? ಅದಕ್ಕೂ ಉತ್ತರ ಸಿದ್ಧವಾಗಿದೆ: “ಕೆಲಸ ನಡೆಯುವ ದರವೇ ಸಾಮರ್ಥ್ಯ.” ಎರಡನ್ನೂ ಕೂಡಿಸಿ ಓದುವ ಜಾಣನಿಗೆ ಶಕ್ತಿಯೂ ಒಂದು ದರವೇ ಆಗಿಬಿಡಬೇಕು! ಇದರಲ್ಲಿ ಅವನ ತಪ್ಪೇನೂ ಇಲ್ಲ. ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಅವನ ಕೈಗೆ ಕೊಡಲಾಗಿದೆ.

ಪದದ ತೊಡಕಿಗಿಂತ ದೊಡ್ಡ ತೊಡಕೊಂದು ಈ ವ್ಯಾಖ್ಯೆಯಲ್ಲಿದೆ. ಸಮುದ್ರದ ನೀರಿನಲ್ಲಿ ಅಡಗಿರುವ ಉಷ್ಣಶಕ್ತಿ ಅಪಾರವಾದುದು. ಆದರೂ ಆ ನೀರಿಗಿಂತ ತಣ್ಣಗಿರುವ ಮತ್ತೊಂದು ವಸ್ತು ದೊರೆಯದ ಹೊರತು ಆ ಉಷ್ಣದಿಂದ ಒಂದು ದೋಣಿಯನ್ನೂ ನಡೆಸಲಾಗದು. ಶಕ್ತಿಯೇನೋ ಇದೆ, ಅದರಿಂದ ಕೆಲಸ ಮಾಡಿಸಿಕೊಳ್ಳುವ ದಾರಿಯಿಲ್ಲ. ಆದುದರಿಂದ ಪಾಠವು ವ್ಯಾಖ್ಯೆಯಿಂದಲ್ಲ, ಲೆಕ್ಕದಿಂದ ತೊಡಗಬೇಕೆಂಬುದು ನಮ್ಮ ಅಭಿಪ್ರಾಯ.

ಜೋಗದಲ್ಲಿ ನೀರು 253 ಮೀಟರು ಕೆಳಕ್ಕೆ ಧುಮುಕುತ್ತದೆಯಷ್ಟೆ. ಹಾಗೆ ಬೀಳುವ ಒಂದೊಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 2,480 ಜೂಲ್ ಪ್ರಚ್ಛನ್ನಶಕ್ತಿ ಚಲನಶಕ್ತಿಯಾಗಿ ಮಾರ್ಪಡುತ್ತದೆ. ತಳದಲ್ಲಿ ಹೊಯ್ದಾಡಿ ನೀರು ಶಾಂತವಾದ ಮೇಲೆ ಆ ಶಕ್ತಿ ಎಲ್ಲಿ ಹೋಯಿತು? ಕಾಲೇಜಿಗೆ ಬರುವವರಲ್ಲಿಯೂ “ಮುಗಿದುಹೋಯಿತು” ಎನ್ನುವವರನ್ನು ನಾವು ಕಾಣುತ್ತೇವೆ. ನಿಜಕ್ಕೂ ನೀರು ಬೆಚ್ಚಗಾಗಿರುತ್ತದೆ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,190 ಜೂಲ್ ಬೇಕು; ಗಾಳಿಗೂ ಆವಿಗೂ ಹೋಗುವ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ ಇಲ್ಲಿಯ ಏರಿಕೆ 0.6 ಡಿಗ್ರಿಯಷ್ಟು. ಕೈಯಿಟ್ಟರೆ ತಿಳಿಯದು. 1840ರ ದಶಕದಲ್ಲಿ ಬೀಳುವ ತೂಕಗಳಿಂದ ನೀರನ್ನು ಕಲಕಿ ಇಂತಹ ಅಲ್ಪ ಏರಿಕೆಯನ್ನು ಅಳೆದ ಜೇಮ್ಸ್ ಜೂಲನ ತಾಳ್ಮೆಯನ್ನು ಈ ಸಂಖ್ಯೆಯ ಮುಂದೆ ನಿಂತು ಮೆಚ್ಚಬೇಕು.

ಇನ್ನು ಲೆಕ್ಕವನ್ನು ತಿರುಗಿಸೋಣ. ಒಂದು ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 3,14,000 ಜೂಲ್ ಬೇಕು. ಅಷ್ಟು ಶಕ್ತಿಗಾಗಿ ಜೋಗದಲ್ಲಿ, ಎಳ್ಳಷ್ಟೂ ನಷ್ಟವಿಲ್ಲದೆ, 127 ಲೀಟರು ನೀರು ಬೀಳಬೇಕು!

“ಶಕ್ತಿಗೆ ನಾಶವಿಲ್ಲವೆಂದ ಮೇಲೆ ಅದನ್ನು ಉಳಿಸಬೇಕೇಕೆ?” ಎಂದು ತರಗತಿಯಲ್ಲಿ ಯಾರಾದರೂ ಕೇಳಿಯಾರು. ಕೇಳಲೇಬೇಕಾದ ಪ್ರಶ್ನೆಯಿದು. ಕುದಿಸಿದ ಆ ನೀರು ಆರಿದಾಗ 3,14,000 ಜೂಲ್ ಶಕ್ತಿ ಕೋಣೆಯ ಗಾಳಿಯನ್ನೂ ಗೋಡೆಗಳನ್ನೂ ಸೇರಿರುತ್ತದೆ. ಮೊತ್ತದಲ್ಲಿ ಏನೂ ಕುಂದಿಲ್ಲ. ಆದರೆ ಹಾಗೆ ಚದುರಿದುದನ್ನೆಲ್ಲ ಕೂಡಿಸಿಕೊಂಡು 127 ಲೀಟರು ನೀರನ್ನು ಮತ್ತೆ ಜೋಗದ ನೆತ್ತಿಗೇರಿಸುವುದು ಸಾಧ್ಯವಿಲ್ಲ. ಈ ಎರಡನೆಯ ಮಾತನ್ನು ಉಷ್ಣಗತಿಶಾಸ್ತ್ರವೆಂಬ ಹೆಸರಿನಲ್ಲಿ ಕಾಲೇಜಿಗೆ ಮುಂದೂಡುವುದು ಸರಿಯಲ್ಲ. ಭೌತಶಾಸ್ತ್ರವನ್ನು ಕಾಲೇಜಿನಲ್ಲಿ ಓದದವರೂ ಒಲೆಯನ್ನು ಹೊತ್ತಿಸುತ್ತಾರೆ, ದೀಪಕ್ಕೆ ಹಣ ತೆರುತ್ತಾರೆ.

ಲೆಕ್ಕಕ್ಕೆ ಸಮಯವೆಲ್ಲಿದೆ ಎಂದು ಅಧ್ಯಾಪಕ ಮಿತ್ರರು ಆಕ್ಷೇಪಿಸಬಹುದು. ವ್ಯಾಖ್ಯೆಯನ್ನು ಒಪ್ಪಿಸಿದರೆ ಅಂಕ ಕೊಡುವ ಪ್ರಶ್ನೆಪತ್ರಿಕೆ ಇರುವವರೆಗೆ ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ವಿದ್ಯಾರ್ಥಿಗಳು ಪ್ರಶ್ನೆಪತ್ರಿಕೆಗಾಗಿ ಕಾಯಬೇಕಾಗಿಲ್ಲ. ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 60 ಕಿಲೋಗ್ರಾಂ ತೂಗುವ ಹುಡುಗ 3 ಮೀಟರು ಎತ್ತರದ ಮಹಡಿಯನ್ನೇರಿದಾಗ ಅವನ ಪ್ರಚ್ಛನ್ನಶಕ್ತಿ ಹೆಚ್ಚುವುದು 1,764 ಜೂಲ್. ಒಂದು ಯೂನಿಟ್ಟಿಗೆ ಅವನು ಎಷ್ಟು ಮಹಡಿಗಳನ್ನೇರಬೇಕೆಂಬುದನ್ನು ಓದುಗರೇ ಭಾಗಿಸಿ ನೋಡಲಿ; ಉತ್ತರ ಎರಡು ಸಾವಿರವನ್ನು ದಾಟುತ್ತದೆ.