ಐದಡಿ ಒಂಬತ್ತೂಮುಕ್ಕಾಲು ಅಂಗುಲದ ಹುಡುಗ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೂ ನಮ್ಮ ಶಾಲಾ ಮೈದಾನಗಳಲ್ಲಿ ಮಕ್ಕಳು ಆಡುವ ಫುಟ್‌ಬಾಲ್‌ಗೂ ಹೆಸರೊಂದನ್ನು ಬಿಟ್ಟರೆ ಹೆಚ್ಚಿನ ನಂಟಿಲ್ಲ. ಅಲ್ಲಿಯ ಚೆಂಡು ಗುಂಡಗಿಲ್ಲ, ಎರಡೂ ತುದಿ ಚೂಪು. ಅದನ್ನು ಕಾಲಿಗಿಂತ ಕೈಯಲ್ಲಿ ಆಡುವುದೇ ಹೆಚ್ಚು. ಮೈದಾನದ ಉದ್ದ ನೂರು ಗಜ, ಎರಡೂ ಕೊನೆಗೆ ಹತ್ತು ಹತ್ತು ಗಜದ ಪಟ್ಟಿ. ಎದುರಾಳಿಯ ಪಟ್ಟಿಯೊಳಕ್ಕೆ ಚೆಂಡನ್ನು ಹೊತ್ತು ಓಡಿದರೆ, ಅಥವಾ ಅಲ್ಲಿ ನಿಂತು ಹಿಡಿದರೆ ಆರು ಅಂಕ. ನಾಲ್ಕು ಯತ್ನಗಳಲ್ಲಿ ಹತ್ತು ಗಜವಾದರೂ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ. ಇನ್ನೊಬ್ಬನಿಗೆ ಕೊಡಬೇಕೋ, ತಾನೇ ಓಡಬೇಕೋ, ದೂರಕ್ಕೆ ಎಸೆಯಬೇಕೋ ಎಂದು ಎರಡು ಮೂರು ಸೆಕೆಂಡಿನೊಳಗೆ ತೀರ್ಮಾನಿಸುವವನು ಅವನೇ.

ಈ ಕ್ವಾರ್ಟರ್‌ಬ್ಯಾಕ್ ಎತ್ತರದವನಾಗಿರಬೇಕು ಎಂಬುದು ಅಲ್ಲಿಯ ತರಬೇತುದಾರರ ಹಳೆಯ ನಂಬಿಕೆ. ಅದಕ್ಕೆ ಕಾರಣವೂ ಇದೆ. ಅವನ ಮುಂದೆ ಆರೂಕಾಲು, ಆರೂವರೆ ಅಡಿಯ ದಾಂಡಿಗರು ಗೋಡೆಯಂತೆ ನಿಂತು ಒಬ್ಬರನ್ನೊಬ್ಬರು ನೂಕುತ್ತಿರುತ್ತಾರೆ. ಅವರ ತಲೆಗಳ ಮೇಲಿಂದ ನೋಡಿ ಚೆಂಡು ಎಸೆಯಬೇಕು. ಹಾಗಾಗಿ ಹುಡುಗರನ್ನು ಆರಿಸುವಾಗ ಮೊದಲು ಹೊರಬರುತ್ತಿದ್ದುದು ಅಳತೆಯ ಟೇಪು.

ಡಗ್ ಫ್ಲೂಟಿ ಎಂಬ ಹುಡುಗನ ಎತ್ತರ ಐದಡಿ ಒಂಬತ್ತೂಮುಕ್ಕಾಲು ಅಂಗುಲ, ಎಂದರೆ ಸುಮಾರು 177 ಸೆಂಟಿಮೀಟರು. ನಮ್ಮೂರಿನಲ್ಲಾದರೆ ಇವನನ್ನು ಉದ್ದಾಳು ಎನ್ನುತ್ತಿದ್ದರು! ಅಲ್ಲಿ ಅವನು ಗಿಡ್ಡ. ಹುಟ್ಟಿದ್ದು 1962ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. 1976ರಲ್ಲಿ ಕುಟುಂಬ ಮ್ಯಾಸಚೂಸೆಟ್ಸ್ ರಾಜ್ಯದ ನೇಟಿಕ್ ಎಂಬ ಊರಿಗೆ ಬಂತು. ಅಲ್ಲಿಯ ಹೈಸ್ಕೂಲಿನಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್ ಮೂರರಲ್ಲೂ ಅವನದು ಎತ್ತಿದ ಕೈ. ಆದರೂ ಹೈಸ್ಕೂಲು ಮುಗಿಸಿದಾಗ ವಿದ್ಯಾರ್ಥಿವೇತನ ಕೊಟ್ಟು ಕರೆದ ಮೇಲ್ದರ್ಜೆಯ ಫುಟ್‌ಬಾಲ್ ಕಾಲೇಜು ಒಂದೇ ಒಂದು, ಬಾಸ್ಟನ್ ಕಾಲೇಜು. ಮಂಗಳೂರಿನ ಸೇಂಟ್ ಅಲೋಷಿಯಸ್‌ನಂತೆ ಇದೂ ಜೆಸುಯಿಟ್ ಪಾದ್ರಿಗಳು ಕಟ್ಟಿದ ಸಂಸ್ಥೆ, ಆರಂಭವಾದದ್ದು 1863ರಲ್ಲಿ. ಅಂದಿನ ಫುಟ್‌ಬಾಲ್ ಲೋಕದಲ್ಲಿ ಅದರ ಹೆಸರು ಅಷ್ಟಕ್ಕಷ್ಟೇ.

ಅಲ್ಲಿಯೂ ಮೊದಲ ವರ್ಷ ಅವನು ಸರದಿಯಲ್ಲಿ ಹಿಂದೆ ನಿಂತವನೇ. 1981ರ ಅಕ್ಟೋಬರಿನಲ್ಲಿ ಪೆನ್ ಸ್ಟೇಟ್ ತಂಡದೆದುರು ಸೋಲು ಖಚಿತವಾಗಿದ್ದ ಪಂದ್ಯವೊಂದರಲ್ಲಿ ತರಬೇತುದಾರ ಜಾಕ್ ಬಿಕ್‌ನೆಲ್ ಅವನನ್ನು ಕಣಕ್ಕಿಳಿಸಿದರು. ಪಂದ್ಯ ಸೋತಿತು. ಆದರೆ ಮುಂದಿನ ಮೂರು ವರ್ಷ ಆ ಜಾಗಕ್ಕೆ ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ.

ದೇಶ ಅವನನ್ನು ಎದೆಗಪ್ಪಿಕೊಂಡದ್ದು 1984ರ ನವೆಂಬರ್ 23ರಂದು. ಅಮೆರಿಕದಲ್ಲಿ ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಮನೆಮಂದಿಯೆಲ್ಲ ಒಟ್ಟಿಗೆ ಟಿ.ವಿ. ಮುಂದೆ ಕೂರುವ ರಜೆಯ ದಿನ. ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಯಾಮಿ ವಿಶ್ವವಿದ್ಯಾಲಯದ ಎದುರು ಪಂದ್ಯ. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಬರ್ನಿ ಕೋಸರ್. ಆರಡಿ ಐದಂಗುಲ ಎತ್ತರ, ತರಬೇತುದಾರರ ಕನಸಿನಲ್ಲಿ ಬರುವಂಥ ಮೈಕಟ್ಟು. ಇಬ್ಬರೂ ಪೈಪೋಟಿಗೆ ಬಿದ್ದಂತೆ ಎಸೆದರು. ಕೋಸರ್ 447 ಗಜ, ಫ್ಲೂಟಿ 472 ಗಜ. ಆಟ ಮುಗಿಯಲು 28 ಸೆಕೆಂಡು ಇರುವಾಗ ಮಯಾಮಿ 45-41ರಿಂದ ಮುಂದಾಯಿತು.

ಬಾಸ್ಟನ್ನಿಗೆ ಚೆಂಡು ಸಿಕ್ಕಿದ್ದು ತನ್ನ ತುದಿಯಿಂದ 20 ಗಜದಲ್ಲಿ. ಇನ್ನು 80 ಗಜ ಸಾಗಬೇಕು. ಫ್ಲೂಟಿ ಎರಡು ಎಸೆತಗಳಲ್ಲಿ 32 ಗಜ ಗಳಿಸಿದ. ಇನ್ನೊಂದು ಎಸೆತ ನೆಲಕ್ಕೆ ಬಿತ್ತು. ಉಳಿದದ್ದು 48 ಗಜ, ಆರು ಸೆಕೆಂಡು.

ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ದೂರಕ್ಕೆ ಎಸೆಯುವ ಎಸೆತಕ್ಕೆ ಅಲ್ಲಿ ‘ಹೇಲ್ ಮೇರಿ’ ಎಂದು ಹೆಸರು. ಕ್ಯಾಥೊಲಿಕರ ಪ್ರಾರ್ಥನೆಯ ಹೆಸರದು. ಇನ್ನು ದೇವರೇ ಕಾಯಬೇಕು ಎಂಬರ್ಥದಲ್ಲಿ ಬಳಕೆಗೆ ಬಂದಿದೆ. ಆದರೆ ಫ್ಲೂಟಿ ಕಣ್ಣು ಮುಚ್ಚಿರಲಿಲ್ಲ. ಅವನ ತಂಡ ಈ ಸಂದರ್ಭಕ್ಕೆಂದೇ ಒಂದು ಯೋಜನೆಯನ್ನು ಅಭ್ಯಾಸ ಮಾಡಿ ಇಟ್ಟುಕೊಂಡಿತ್ತು. ಅದರ ಹೆಸರು ‘ಫ್ಲಡ್ ಟಿಪ್’. ಹಲವರು ಒಂದೇ ಜಾಗಕ್ಕೆ ಪ್ರವಾಹದಂತೆ ನುಗ್ಗಬೇಕು, ಚೆಂಡು ನೇರವಾಗಿ ಕೈಗೆ ಸಿಗದಿದ್ದರೆ ಬೆರಳ ತುದಿಯಿಂದ ತಟ್ಟಿ ಪಕ್ಕದವನಿಗೆ ಒದಗಿಸಬೇಕು. ಫ್ಲೂಟಿ ಚೆಂಡು ಹಿಡಿದು ಹಿಂದೆ ಸರಿದ, ಮೈಮೇಲೆ ಬರುತ್ತಿದ್ದವರನ್ನು ತಪ್ಪಿಸಿಕೊಂಡು ಬಲಕ್ಕೆ ಓಡಿದ, ತನ್ನ 37 ಗಜದ ಗೆರೆಯ ಹತ್ತಿರದಿಂದ ಎಸೆದ. ಚೆಂಡು ಗಾಳಿಯಲ್ಲಿರುವಾಗಲೇ ಗಡಿಯಾರ ಸೊನ್ನೆ ಮುಟ್ಟಿತು. (ಹಾಗಾದರೂ ಆ ಯತ್ನ ಪೂರ್ತಿಯಾಗುವವರೆಗೆ ಆಟ ನಡೆಯುತ್ತದೆ, ನಿಯಮ ಹಾಗಿದೆ.) ಗುರಿಪಟ್ಟಿಯ ಮುಂದೆ ಮಯಾಮಿಯವರು ಹಾರಿದರು. ಚೆಂಡು ಅವರನ್ನು ದಾಟಿ ಹಿಂದಿದ್ದ ಜೆರಾರ್ಡ್ ಫೆಲನ್‌ನ ಎದೆಗೆ ಬಂತು. ಫೆಲನ್ ಫ್ಲೂಟಿಯ ಕೋಣೆಯ ಗೆಳೆಯ. 47-45.

ಫೆಲನ್ ಹಿಂದಕ್ಕೆ ಓಡಿಹೋಗುವಾಗ ರಕ್ಷಣೆಯವರು ಏಕೆ ಸುಮ್ಮನಿದ್ದರು? ಅವನು ಅಷ್ಟು ಹಿಂದೆ ಹೋಗಿ ಏನು ಮಾಡಿಯಾನು, ಈ ಗಿಡ್ಡ ಹುಡುಗ ಎಸೆದ ಚೆಂಡು ಎದುರುಗಾಳಿಯಲ್ಲಿ ಅಲ್ಲಿಯವರೆಗೆ ಬರುವುದಿಲ್ಲ ಎಂಬ ಲೆಕ್ಕ. ಇಲ್ಲಿ ಪಿಯುಸಿ ಓದುವ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು.

ಚೆಂಡು ಸಾಗಿದ ದೂರ 63 ಗಜಕ್ಕಿಂತ ಕೊಂಚ ಹೆಚ್ಚು, ಎಂದರೆ ಸುಮಾರು 58 ಮೀಟರು. ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಟ್ಟರೆ, 45 ಡಿಗ್ರಿ ಕೋನದಲ್ಲಿ ಎಸೆದ ವಸ್ತು ಕ್ರಮಿಸುವ ದೂರವು ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದಷ್ಟು. 58ನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 24 ಮೀಟರು, ಗಂಟೆಗೆ 86 ಕಿಲೋಮೀಟರು ಎಂದು ಬರುತ್ತದೆ. ಚೆಂಡು ಏರುವ ಎತ್ತರ ದೂರದ ಕಾಲುಭಾಗ, ಹದಿನಾಲ್ಕೂವರೆ ಮೀಟರು, ಎಂದರೆ ನಾಲ್ಕಂತಸ್ತಿನ ಕಟ್ಟಡದಷ್ಟು. ಗಾಳಿಯಲ್ಲಿ ಇರುವ ಹೊತ್ತು ಮೂರೂವರೆ ಸೆಕೆಂಡಿಗೆ ಸ್ವಲ್ಪ ಕಡಿಮೆ. ಎದುರುಗಾಳಿ ಇದ್ದುದರಿಂದ ನಿಜವಾದ ವೇಗ ಇದಕ್ಕಿಂತ ಹೆಚ್ಚೇ ಇದ್ದಿರಬೇಕು.

ಈಗ ಎತ್ತರದ ಪ್ರಶ್ನೆ. ಕೋಸರ್ ಫ್ಲೂಟಿಗಿಂತ ಏಳೂಕಾಲು ಅಂಗುಲ, ಸುಮಾರು 18 ಸೆಂಟಿಮೀಟರು ಉದ್ದ. ಅದೇ ವೇಗ, ಅದೇ ಕೋನದಲ್ಲಿ 18 ಸೆಂಟಿಮೀಟರು ಮೇಲಿನಿಂದ ಎಸೆದರೆ ಚೆಂಡು ಎಷ್ಟು ಮುಂದೆ ಬೀಳುತ್ತದೆ? 45 ಡಿಗ್ರಿಯಲ್ಲಿ ಕೆಳಗಿಳಿಯುವ ಚೆಂಡು ಎಷ್ಟು ಕೆಳಗೆ ಬರುತ್ತದೋ ಸುಮಾರು ಅಷ್ಟೇ ಮುಂದಕ್ಕೂ ಹೋಗುತ್ತದೆ. ಹಾಗಾಗಿ ಲಾಭ 18 ಸೆಂಟಿಮೀಟರು, ಒಂದು ಗೇಣು! ಐವತ್ತೆಂಟು ಮೀಟರಿನಲ್ಲಿ ಒಂದು ಗೇಣು. ವೇಗದ ಮಾತು ಬೇರೆ. ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೇಗ ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ದೂರ ನೂರಕ್ಕೆ ಹತ್ತೊಂಬತ್ತರಷ್ಟು ಕುಗ್ಗುತ್ತದೆ, ಚೆಂಡು ಹನ್ನೊಂದು ಮೀಟರು ಹಿಂದೆಯೇ ಬೀಳುತ್ತದೆ. ತೋಳಿನ ವೇಗವನ್ನು ಟೇಪು ಅಳೆಯುವುದಿಲ್ಲ. ಎಸೆಯುವಾಗ ಬೆರಳು ಕೊಡುವ ತಿರುಗನ್ನಂತೂ ಮೊದಲೇ ಅಳೆಯುವುದಿಲ್ಲ. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ, ತನ್ನ ಉದ್ದದ ಅಕ್ಷದ ಸುತ್ತ ತಿರುಗುವ ಚೆಂಡು ಮೂತಿ ಮುಂದು ಮಾಡಿಕೊಂಡೇ ಸಾಗುತ್ತದೆ, ಗಾಳಿಗೆ ಕಡಿಮೆ ಮೈ ಒಡ್ಡುತ್ತದೆ. ತಿರುಗು ತಪ್ಪಿದರೆ ಅದೇ ಚೆಂಡು ತೂರಾಡುತ್ತ ನಡುದಾರಿಯಲ್ಲಿ ಬೀಳುತ್ತದೆ.

ಹಾಗೆಂದು ತರಬೇತುದಾರರೆಲ್ಲ ದಡ್ಡರೆಂದು ತಿಳಿಯಬೇಕಾಗಿಲ್ಲ. ಮುಂದಿನ ಗೋಡೆಯ ಮೇಲಿಂದ ನೋಡುವ ತೊಂದರೆ ನಿಜವಾದದ್ದೇ. ಅದಕ್ಕೆ ಫ್ಲೂಟಿ ಕಂಡುಕೊಂಡ ಉಪಾಯ ರೇಖಾಗಣಿತದ್ದು. ಗೋಡೆಯ ಹಿಂದೆ ನಿಂತು ಕತ್ತು ಚಾಚುವ ಬದಲು ಅದರ ಪಕ್ಕಕ್ಕೆ ಓಡಿ, ಬದಿಯಿಂದ ನೋಡುವುದು. ಅಂದು ಬಲಕ್ಕೆ ಓಡಿದ್ದೂ ಹಾಗೆಯೇ. ಎತ್ತರ ಅಳೆಯುವುದು ಸುಲಭ, ಉಪಾಯ ಅಳೆಯುವುದು ಕಷ್ಟ. ಸುಲಭವಾಗಿ ಅಳೆಯಲು ಸಿಕ್ಕಿದ್ದನ್ನೇ ಮುಖ್ಯವೆಂದು ಭಾವಿಸುವ ಅಭ್ಯಾಸ ಫುಟ್‌ಬಾಲಿಗರದು ಮಾತ್ರವಲ್ಲ. ಅಂಕಪಟ್ಟಿ ಹಿಡಿದು ಪಕ್ಕದ ಮನೆಗೆ ಹೋಗುವ ಪೋಷಕರಿಗೂ ಇದು ಗೊತ್ತು.

ಆ ಎಸೆತದ ಸುತ್ತ ಕಥೆಗಳೂ ಬೆಳೆದವು. ಒಂದು, ಆ ವರ್ಷ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪುರಸ್ಕಾರವಾದ ಹೈಸ್ಮನ್ ಟ್ರೋಫಿ ಫ್ಲೂಟಿಗೆ ಸಿಕ್ಕಿದ್ದು ಆ ಎಸೆತದಿಂದಲೇ ಎಂಬುದು. ಎಸೆತ ನವೆಂಬರ್ 23ಕ್ಕೆ, ಟ್ರೋಫಿ ಡಿಸೆಂಬರ್ 1ಕ್ಕೆ, ಆದ್ದರಿಂದ ಇದರಿಂದ ಅದು! ವಾಸ್ತವದಲ್ಲಿ ಮತದಾನ ಆ ವೇಳೆಗೆ ಬಹುಮಟ್ಟಿಗೆ ಮುಗಿದಿತ್ತು. ಅದನ್ನು ಗೆದ್ದುಕೊಟ್ಟದ್ದು ನಾಲ್ಕು ವರ್ಷಗಳ ದುಡಿಮೆ. ಕಾಲೇಜು ಆಟದಲ್ಲಿ ಒಟ್ಟು ಹತ್ತು ಸಾವಿರ ಗಜ ದಾಟಿ ಎಸೆದ ಮೊದಲ ಮೇಲ್ದರ್ಜೆ ಆಟಗಾರ ಅವನು. ಒಟ್ಟು 10,579 ಗಜ, ಎಂದರೆ ಹತ್ತಿರ ಹತ್ತಿರ ಒಂಬತ್ತೂಮುಕ್ಕಾಲು ಕಿಲೋಮೀಟರು. ಓದಿನಲ್ಲೂ ಹಿಂದಿರಲಿಲ್ಲ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಯಾದ ಅವನ ಹೆಸರು ರೋಡ್ಸ್ ವಿದ್ಯಾರ್ಥಿವೇತನದ ಅಭ್ಯರ್ಥಿಗಳಲ್ಲೂ ಇತ್ತು.

ಇನ್ನೊಂದು ಕಥೆ ‘ಫ್ಲೂಟಿ ಪರಿಣಾಮ’ದ್ದು. ಬಾಸ್ಟನ್ ಕಾಲೇಜಿಗೆ ಪ್ರವೇಶ ಕೋರಿ ಬಂದ ಅರ್ಜಿಗಳು 1984ರಲ್ಲಿ ಶೇಕಡ 16, 1985ರಲ್ಲಿ ಶೇಕಡ 12 ಹೆಚ್ಚಿದವು. ಒಂದು ಎಸೆತ ಕಾಲೇಜಿನ ಹಣೆಬರಹ ಬದಲಿಸಿತು ಎಂದು ಅಮೆರಿಕದಲ್ಲೆಲ್ಲ ಮಾತಾಯಿತು, ಈ ಹೆಸರಿನಲ್ಲಿ ಪ್ರಬಂಧಗಳೇ ಬಂದವು. ಆದರೆ ಕಾಲೇಜಿನ ಪತ್ರಿಕೆಯೇ 2003ರಲ್ಲಿ ತಣ್ಣೀರು ಎರಚಿತು. ದೇಶದ ಎಲ್ಲೆಡೆಯಿಂದ ವಿದ್ಯಾರ್ಥಿಗಳನ್ನು ಸೆಳೆಯಲು ಕಾಲೇಜು ಅದಕ್ಕೂ ಹತ್ತು ವರ್ಷ ಹಿಂದಿನಿಂದ ಹಣಕಾಸಿನ ನೆರವು, ಹೊಸ ಹಾಸ್ಟೆಲು, ಹಳೆಯ ವಿದ್ಯಾರ್ಥಿಗಳ ಸಹಾಯ ಎಂದು ದುಡಿಯುತ್ತ ಬಂದಿತ್ತು, ಅಂಥ ಏರಿಕೆ ಅಲ್ಲಿ ಅಪರೂಪವೂ ಆಗಿರಲಿಲ್ಲ ಎಂದು ಬರೆಯಿತು. ಎಸೆತದ ಪ್ರಭಾವ ಏನೂ ಇಲ್ಲ ಎಂದಲ್ಲ. ಒಂದರ ಹಿಂದೆ ಇನ್ನೊಂದು ಬಂದಿತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣವೆನ್ನಲಾಗದು, ಅಷ್ಟೇ. ತನಗೆ ಹೆಸರು ತರುವ ಕಥೆಯನ್ನು ತಾನೇ ತಿದ್ದಿಕೊಂಡ ಸಂಸ್ಥೆಗೆ ಶಹಭಾಸ್ ಹೇಳಬೇಕು.

ವೃತ್ತಿಪರ ಆಟದಲ್ಲಿ ಮತ್ತೆ ಟೇಪು ಎದುರಾಯಿತು. 1985ರ ಆಯ್ಕೆಯಲ್ಲಿ ಅವನ ಹೆಸರು ಕೂಗಿದ್ದು 285ನೆಯದಾಗಿ. ಆ ವೇಳೆಗೆ ಅವನು ಬೇರೊಂದು ಲೀಗಿನ ತಂಡಕ್ಕೆ ಸಹಿ ಹಾಕಿದ್ದೂ ಅದಕ್ಕೊಂದು ಕಾರಣ, ಎಲ್ಲವನ್ನೂ ಎತ್ತರದ ಮೇಲೆ ಹೊರಿಸುವಂತಿಲ್ಲ. ಆ ಲೀಗು ಬೇಗ ಮುಚ್ಚಿಹೋಯಿತು. ಷಿಕಾಗೊ, ನ್ಯೂ ಇಂಗ್ಲೆಂಡ್ ತಂಡಗಳಲ್ಲಿ ಬಹುಪಾಲು ಬೆಂಚು ಕಾದು, 1990ರಲ್ಲಿ ಫ್ಲೂಟಿ ಕೆನಡಾಕ್ಕೆ ಹೋದ.

ಕೆನಡಾದ ಫುಟ್‌ಬಾಲ್ ಮೈದಾನ 110 ಗಜ ಉದ್ದ, 65 ಗಜ ಅಗಲ. ಅಮೆರಿಕದ್ದು ಅಗಲದಲ್ಲಿ 53 ಗಜ ಚಿಲ್ಲರೆ. ಪಕ್ಕಕ್ಕೆ ಓಡಿ ನೋಡುವವನಿಗೆ ಹನ್ನೆರಡು ಗಜ ಹೆಚ್ಚು ಅಗಲ ಸಿಕ್ಕರೆ ಇನ್ನೇನು ಬೇಕು! ಎಂಟು ವರ್ಷಗಳಲ್ಲಿ ಆರು ಬಾರಿ ಅತ್ಯುತ್ತಮ ಆಟಗಾರ, ಮೂರು ಬಾರಿ ಗ್ರೇ ಕಪ್. 1991ರ ಒಂದೇ ಋತುವಿನಲ್ಲಿ 6,619 ಗಜ ಎಸೆದ. 2006ರಲ್ಲಿ ಅಲ್ಲಿಯ ಕ್ರೀಡಾ ವಾಹಿನಿ ಆಧುನಿಕ ಕಾಲದ ಐವತ್ತು ಶ್ರೇಷ್ಠರ ಪಟ್ಟಿ ಮಾಡಿದಾಗ ಮೊದಲ ಹೆಸರು ಈ ಅಮೆರಿಕದವನದೇ.

1998ರಲ್ಲಿ ಬಫಲೊ ತಂಡ ಅವನನ್ನು ವಾಪಸು ಕರೆಸಿತು. ವಯಸ್ಸು 35. ಆ ವರ್ಷ ಅವನ ಚಿತ್ರವಿದ್ದ ‘ಫ್ಲೂಟಿ ಫ್ಲೇಕ್ಸ್’ ಎಂಬ ಉಪಾಹಾರದ ಪೊಟ್ಟಣಗಳು ಅಂಗಡಿಗಳಲ್ಲಿ ಬಿಸಿಯಾಗಿ ಖರ್ಚಾದವು. ಅದರ ಲಾಭದ ಪಾಲು ಹೋದದ್ದು ಆಟಿಸಂ ಇರುವ ಮಕ್ಕಳಿಗಾಗಿ ಅವನೂ ಹೆಂಡತಿಯೂ ಮಗನ ಹೆಸರಿನಲ್ಲಿ ಕಟ್ಟಿದ ಪ್ರತಿಷ್ಠಾನಕ್ಕೆ. ಮಗನಿಗೂ ಅದೇ ತೊಂದರೆ ಇತ್ತು. ಮುಂದೆ 2019ರ ಆಯ್ಕೆಯಲ್ಲಿ ಐದಡಿ ಹತ್ತಂಗುಲದ ಕೈಲರ್ ಮರ್ರೆ ಎಂಬ ಕ್ವಾರ್ಟರ್‌ಬ್ಯಾಕ್‌ನ ಹೆಸರನ್ನು ಎಲ್ಲರಿಗಿಂತ ಮೊದಲು ಕೂಗಿದರು. ಟೇಪಿನ ದರ್ಬಾರು ಅಷ್ಟರಮಟ್ಟಿಗೆ ಇಳಿದಿತ್ತು.

ಫ್ಲೂಟಿ ವೃತ್ತಿಯ ಕೊನೆಯಲ್ಲಿ ಒಂದು ತಮಾಷೆ ಮಾಡಿದ. ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕ್ಷಣದಲ್ಲೇ ಒದ್ದು ಕಂಬಗಳ ನಡುವೆ ಕಳಿಸುವುದು ಆ ಆಟದ ಬಹಳ ಹಳೆಯ ವಿದ್ಯೆ. ಚೆಂಡು ಈಗಿನದಕ್ಕಿಂತ ದುಂಡಗಿದ್ದ ಕಾಲದಲ್ಲಿ ಅದು ರೂಢಿಯಲ್ಲಿತ್ತು. 1930ರ ದಶಕದಲ್ಲಿ ಎಸೆತಕ್ಕೆ ಅನುಕೂಲವಾಗಲೆಂದು ಚೆಂಡನ್ನು ಚೂಪು ಮಾಡಿದರು. ಚೂಪು ತುದಿ ನೆಲಕ್ಕೆ ತಾಗಿದರೆ ಯಾವ ಕಡೆ ಪುಟಿಯುತ್ತದೆಂದು ಹೇಳಲಾಗದು, ಹಾಗಾಗಿ ಆ ಒದೆತ ಸತ್ತುಹೋಯಿತು. ವೃತ್ತಿಪರ ಲೀಗಿನಲ್ಲಿ ಅದು ಕೊನೆಯ ಬಾರಿ ಗುರಿ ಮುಟ್ಟಿದ್ದು 1941ರಲ್ಲಿ. 2006ರ ಜನವರಿ 1ರಂದು, ಮತ್ತೆ ಮಯಾಮಿಯ ತಂಡವೊಂದರ ಎದುರು, 43 ವರ್ಷದ ಫ್ಲೂಟಿ ಚೆಂಡನ್ನು ನೆಟ್ಟಗೆ ಕೆಳಗೆ ಬಿಟ್ಟ, ಅದು ನೆಟ್ಟಗೆ ಪುಟಿಯಿತು, ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು. ಸಿಕ್ಕಿದ್ದು ಒಂದು ಅಂಕ. ಪಂದ್ಯವನ್ನು ಅವನ ತಂಡ 28-26ರಿಂದ ಸೋತಿತು.